ಪಕ್ಕದ ಮನೆ ಅಕ್ಕನ ಹಿತ್ಲಿಗೆ ಟ್ರ್ಯಾಕ್ಟರ್ ಇಳಿಸ್ಬೋದಾ?

ಪ್ರಶ್ನೆ: ಸರ್, ನಮ್ದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ನನ್ನ ಹತ್ರ 42 ಎಚ್‌ಪಿ ಟ್ರ್ಯಾಕ್ಟರ್ ಇದೆ, ಜೊತೆಗೆ ಮಣ್ಣು ಪುಡಿ ಮಾಡೋ ರೋಟಾವೇಟರ್, ನೆಲ ಗೀರಿ ಬಿಡಿಸೋ 9 ಹಲ್ಲಿನ ಕಲ್ಟಿವೇಟರ್ ಇದೆ. ಪಕ್ಕದ ಮನೇಲಿ ಒಬ್ರು ಅಕ್ಕ, ಅವರ ವಯಸ್ಸಾದ ಅತ್ತೆ, ಇಬ್ರೇ ಇರೋದು. ಮನೆ ಹಿಂದೆ 8 ಗುಂಟೆ ಜಾಗ ಇದೆ, ಮೂರು ವರ್ಷದ ಹಿಂದೆ ಯಾರಿಗೋ ಶುಂಠಿ ಹಾಕಕ್ಕೆ ಕೊಟ್ಟಿದ್ರು, ಆಮೇಲೆ ಹಾಗೇ ಬೀಳು ಬಿದ್ದು ಗರಿಕೆ, ಜೇಕು, ಕಮ್ಯುನಿಸ್ಟ್ ಗಿಡ ಅಂತ ಕಳೆ ಎಲ್ಲ ತುಂಬ್ಕೊಂಡಿದೆ. ಈ ಮಳೆಗಾಲಕ್ಕೆ ತರಕಾರಿ ಹಾಕ್ಬೇಕು ಅಂತ ಅಕ್ಕಂಗೆ ತುಂಬಾ ಆಸೆ, "ಒಂದ್ಸಲ ಟ್ರ್ಯಾಕ್ಟರ್ ಹೊಡ್ಕೊಡೋ ತಮ್ಮಾ" ಅಂದಿದ್ದಾರೆ. ನಂಗೆ ಹೆದರಿಕೆ ಎಂತಂದ್ರೆ, ಹೋದ ವರ್ಷ ಜೂನ್‌ನಲ್ಲಿ ಇನ್ನೊಂದು ಮನೆಯವರಿಗೆ ರೋಟಾವೇಟರ್ ಎರಡು ಸುತ್ತು ಹೊಡ್ದು ಹಿಟ್ಟು ಮಾಡಿ ಕೊಟ್ಟಿದ್ದೆ, ಆಮೇಲೆ ಅಲ್ಲಿ ನೀರು ನಿಂತು ಬೀನ್ಸ್ ಎಲ್ಲ ಹಳದಿ ಆಗಿ ಸತ್ತೋದ್ವು, ಮಳೆ ಬಿಟ್ಮೇಲೆ ನೆಲ ಸಿಮೆಂಟ್ ಹಾಕ್ದಂಗೆ ಆಗಿತ್ತು. ಊರಲ್ಲಿ ಕೆಲವರು ಟ್ರ್ಯಾಕ್ಟರ್ ಇಳಿಸಿದ್ರೆ ಮಣ್ಣು ಸತ್ತೋಗತ್ತೆ ಅಂತಾರೆ, ಕೆಲವರು ನೀನು ಆಳ ಉಳ್ಬೇಕಿತ್ತು ಅಂತಾರೆ, ಅಪ್ಪ ಭರಣಿ ಮಳೆ ತನಕ ಕಾಯಿ ಅಂತಾರೆ. ಜಾಗ ಸ್ವಲ್ಪ ಇಳಿಜಾರು, ಒಂದು ಬದಿಗೆ ಆಳೆತ್ತರದ ದರೆ (ಕಡಿದಾದ ಮಣ್ಣಿನ ಅಂಚು), ಇನ್ನೊಂದು ಬದಿಗೆ ಎರಡು ವರ್ಷದ ಅಡಿಕೆ ಸಸಿ. ಅಕ್ಕ ದುಡ್ಡು ತಗೊಳ್ಲೇಬೇಕು ಅಂತಾರೆ, ನಂಗೆ ತಗೊಳಕ್ಕೆ ಮನಸ್ಸಿಲ್ಲ. ಸಹಾಯ ಮಾಡಕ್ಕೆ ಹೋಗಿ ಮತ್ತೆ ಹಾಳು ಮಾಡ್ಬಿಡ್ತೀನಾ?

ಉತ್ತರ: ನಿಮ್ಮ ಪತ್ರ ಓದಿ ಖುಷಿ ಆಯ್ತು, ಯಾಕಂದ್ರೆ ಟ್ರ್ಯಾಕ್ಟರ್ ಇರೋರು ಬಹಳ ಜನ ಕೇಳೋದು ಎಷ್ಟು ಬೇಗ ಮುಗಿಸ್ಬೋದು ಅಂತ, ನೀವು ಕೇಳಿರೋದು ಅವರ ಜಾಗಕ್ಕೆ ಏನಾಗತ್ತೆ ಅಂತ. ನೇರವಾಗಿ ಹೇಳ್ತೀನಿ. ಇಳಿಸ್ಬೋದು. ಆದ್ರೆ ಇಡೀ 8 ಗುಂಟೆಗೆ ಬೇಡ, ರೋಟಾವೇಟರ್‌ನಿಂದ ಶುರು ಮಾಡೋದು ಬೇಡ, ಮತ್ತೆ ನಿಮಗೆ ಬಿಡುವಿರೋ ದಿನ ಅಂತ ಬೇಡ, ಮಣ್ಣು ಹದಕ್ಕೆ ಬಂದ ದಿನ ಇಳಿಸಿ. ಈ ಮೂರರಲ್ಲಿ ಹೋದ ವರ್ಷ ಎರಡು ತಪ್ಪಿದೆ, ಅಷ್ಟೇ.

ಮೊದ್ಲು ಹೋದ ವರ್ಷ ಏನಾಯ್ತು ಅಂತ ನೋಡಣ. ಮಣ್ಣಲ್ಲಿ ಅರ್ಧದಷ್ಟು ಬರೀ ಖಾಲಿ ಜಾಗ, ಸಣ್ಣಸಣ್ಣ ತೂತುಗಳು, ಅದರಲ್ಲಿ ಗಾಳಿ ಮತ್ತೆ ನೀರು ಇರತ್ತೆ, ಬೇರು ಓಡಾಡೋದೂ ಅಲ್ಲೇ. ಜೂನ್‌ನಲ್ಲಿ, ಅಂದ್ರೆ ಮೃಗಶಿರಾ ಮಳೆ ಹಿಡಿದ ಮೇಲೆ, ನಮ್ಮ ಕಡೆ ಆ ತೂತೆಲ್ಲ ನೀರು ಕುಡ್ದು ಮಣ್ಣು ಬೆಣ್ಣೆ ಥರ ಇರತ್ತೆ. ಅದರ ಮೇಲೆ ಸುಮಾರು ಎರಡು ಟನ್ ತೂಕದ ಟ್ರ್ಯಾಕ್ಟರ್ ಹೋದ್ರೆ ಚಕ್ರದ ಅಡಿ ತೂತು ಮುಚ್ಚಿಹೋಗತ್ತೆ, ಹಿಂದೆ ರೋಟಾವೇಟರ್‌ನ ಬಾಗಿದ ಬ್ಲೇಡು ನಾಲ್ಕೈದು ಇಂಚು ಕೆಳಗೆ ತಿರುಗ್ತಾ ತಿರುಗ್ತಾ ತಳದ ಮಣ್ಣನ್ನ ಕರಣೆ ಆಡಿಸಿದಂಗೆ ಒರೆಸ್ಕೊಂಡು ಹೋಗತ್ತೆ. ಮೇಲ್ಗಡೆ ಹಿಟ್ಟು, ಕೆಳಗಡೆ ಗಾರೆ ನೆಲ. ನೀರು ನಾಲ್ಕಿಂಚು ಇಳಿದು ಅಲ್ಲೇ ನಿಂತ್ಕೊಳತ್ತೆ, ಬೀನ್ಸ್ ಬೇರಿಗೆ ಗಾಳಿ ಇಲ್ದೆ ಉಸಿರು ಕಟ್ಟತ್ತೆ, ಎಲೆ ಹಳದಿ ಆಗತ್ತೆ, ಮನೆಯೋರು ಗೊಬ್ಬರ ಸಾಲ್ಲಿಲ್ಲ ಅಂದ್ಕೊಂಡು ಯೂರಿಯಾ ಹಾಕ್ತಾರೆ, ಇನ್ನೂ ಬೇಗ ಸಾಯತ್ತೆ. ಮಳೆ ಬಿಟ್ಮೇಲೆ ಆ ಹಿಟ್ಟು ಮಣ್ಣು ಒಣಗಿ ಹೆಪ್ಪುಗಟ್ಟತ್ತೆ. ನೀವು ಸಿಮೆಂಟ್ ಅಂದ್ರಲ್ಲ, ಅದು ಸರಿಯಾದ ಮಾತು.

ಇದು ನಾನು ಪುಸ್ತಕ ನೋಡಿ ಹೇಳ್ತಿರೋದಲ್ಲ. ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಸಾಗರದ ಕಡೆ ನಮ್ಮ ಚಿಕ್ಕಮ್ಮನ ಹಿತ್ಲಿಗೆ ನಾನೇ ನಿಂತು ಹೀಗೇ ಮಾಡ್ಸಿದ್ದೆ, ರಜೆ ಇದ್ದಿದ್ದು ಎರಡೇ ದಿನ, ಮಳೆ ಬಿಡೋ ತನಕ ಕಾಯೋ ತಾಳ್ಮೆ ಇರ್ಲಿಲ್ಲ. ನವೆಂಬರ್‌ನಲ್ಲಿ ಹೋಗಿ ಗುದ್ದಲೀಲಿ ಅಗೆದ್ರೆ ಐದಿಂಚು ಕೆಳಗೆ ಮಣ್ಣಿನ ಹೆಂಟೆ ಹಲಗೆ ಥರ ಎದ್ದು ಬಂತು, ತಿರುಗಿಸಿ ನೋಡಿದ್ರೆ ಅದರ ಮೈ ಎಣ್ಣೆ ಹಚ್ಚಿದಂಗೆ ನುಣ್ಣಗೆ ಹೊಳೀತಿತ್ತು, ಬೆಂಡೆ ಬೇರು ಅಲ್ಲಿ ತನಕ ಬಂದು ಕೆಳಗೆ ಇಳಿಯಕ್ಕಾಗ್ದೆ ಅಡ್ಡಕ್ಕೆ ತಿರುಗಿತ್ತು. ಆ ಹೆಂಟೆ ಇವತ್ತಿಗೂ ನನ್ನ ಕಣ್ಣಲ್ಲಿದೆ. ಆ ಜಾಗ ಸರಿ ಆಗಕ್ಕೆ ಮೂರು ಮಳೆಗಾಲ ಹಿಡೀತು.

ಇನ್ನು ಊರ ಮಾತಿಗೆ ಬರಣ. ಟ್ರ್ಯಾಕ್ಟರ್ ಇಳಿದ್ರೆ ಮಣ್ಣು ಸತ್ತೋಗತ್ತೆ ಅನ್ನೋದು ಪೂರ್ತಿ ನಿಜ ಅಲ್ಲ. ಹದ ಇರೋ ಮಣ್ಣಲ್ಲಿ ವರ್ಷಕ್ಕೊಂದು ಸಲ ಕಲ್ಟಿವೇಟರ್ ಎಳೆದ್ರೆ ಏನೂ ಆಗಲ್ಲ, ಹಸಿ ಮಣ್ಣಲ್ಲಿ ಪದೇ ಪದೇ ಓಡಾಡಿದ್ರೆ ಆಗತ್ತೆ. ಗದ್ದೇಲಿ ಕೇಜ್ ವೀಲ್ (ಕಬ್ಬಿಣದ ಪಂಜರದ ಚಕ್ರ) ಹಾಕಿ ಕೆಸರು ಮಾಡಿದಾಗ್ಲೂ ಇಂಥದ್ದೇ ಗಟ್ಟಿ ಪದರ ಆಗತ್ತೆ, ಅಲ್ಲಿ ಅದು ಬೇಕು, ಇಲ್ದಿದ್ರೆ ಭತ್ತಕ್ಕೆ ನೀರು ನಿಲ್ಲಲ್ಲ. ತರಕಾರಿಗೆ ಅದೇ ಕುತ್ತಿಗೆ ಹಿಸುಕತ್ತೆ. ಒಂದೇ ಯಂತ್ರ, ಒಂದೇ ಡ್ರೈವರ್ರು, ಬೆಳೆ ಬೇರೆ ಅಷ್ಟೇ.

ಆಳ ಉಳ್ಬೇಕಿತ್ತು ಅನ್ನೋ ಮಾತು ಬಯಲು ಸೀಮೆಯ ಕಪ್ಪು ಮಣ್ಣಿಗೆ ಸರಿ ಇರ್ಬೋದು, ಅಲ್ಲಿ ಒಂದಡಿ ಕೆಳಗೂ ಅದೇ ಮಣ್ಣು. ನಮ್ಮಲ್ಲಿ ಹಂಗಲ್ಲ ಮಾರಾಯ್ರೆ. ಮೇಲೆ ಆರೇಳು ಇಂಚು ಕಪ್ಪು ಮಿಶ್ರಿತ ಕೆಂಪು ಮಣ್ಣು, ದರಗು, ಅಂದ್ರೆ ಒಣ ಎಲೆ, ಕೊಳೆತು ಆಗಿರೋದು, ಸಾರ ಇರೋದೆಲ್ಲ ಅದರಲ್ಲೇ, ಅದರ ಕೆಳಗೆ ಜಂಬಿಟ್ಟಿಗೆ ಇಲ್ಲಾ ಶೇಡಿ ಮಣ್ಣು. ನೇಗಿಲು ಹಾಕಿ ಒಂದಡಿ ಮಗುಚಿದ್ರೆ ಸಾರ ಇರೋದು ಅಡಿಗೆ ಹೋಗಿ, ಹುಳಿ (ಆಮ್ಲ ಗುಣ) ಜಾಸ್ತಿ ಇರೋ ಬರಡು ಮಣ್ಣು ಮೇಲೆ ಬರತ್ತೆ. ಮನೆ ಕಟ್ಟಕ್ಕೆ ಪಾಯ ತೆಗೆದ ಮಣ್ಣಲ್ಲಿ ಹರಿವೆ ಕೂಡ ಸರಿಯಾಗಿ ಏಳಲ್ಲ ನೋಡಿ, ಅದೇ ಕಥೆ. ಜೆಸಿಬಿ ತರ್ಸಿ ಲೆವೆಲ್ ಮಾಡ್ಸಣ ಅಂತ ಯಾರಾದ್ರೂ ಹೇಳಿದ್ರೂ ಅದೇ ಕಾರಣಕ್ಕೆ ಬೇಡ ಅನ್ನಿ.

ಮಣ್ಣು ಹಿಟ್ಟಿನಂಗೆ ಆಗ್ಬೇಕು ಅನ್ನೋದಂತೂ ನಮ್ಮ ಮಳೆಗೆ ಆಗಿಬರದ ಮಾತು. ಆಗುಂಬೆಲಿ ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ ಸುರಿಯತ್ತೆ, ಶಿವಮೊಗ್ಗ ಪೇಟೆಲಿ ಅದರ ಕಾಲುಭಾಗಾನೂ ಇಲ್ಲ, ಹೊಸನಗರ ತಾಲ್ಲೂಕಿನ ಘಟ್ಟದ ಅಂಚಿನ ಊರುಗಳು ಮಳೆ ಲೆಕ್ಕದಲ್ಲಿ ಆಗುಂಬೆಗೇ ಹತ್ರ. ಆ ಮಳೆ ಹನಿ ಬಿದ್ದಾಗ ಹಿಟ್ಟು ಮಣ್ಣು ಕೊಚ್ಚಿ ತೂತೆಲ್ಲ ಮುಚ್ಚಿ ಮೇಲೊಂದು ಸಿಪ್ಪೆ ಕಟ್ಟತ್ತೆ, ಆಮೇಲೆ ಬಿದ್ದ ನೀರೆಲ್ಲ ಇಳಿಜಾರಲ್ಲಿ ಓಡತ್ತೆ, ಓಡೋವಾಗ ಹಾಕಿದ ಗೊಬ್ಬರಾನೂ ಕರ್ಕೊಂಡು ಹೋಗತ್ತೆ. ನೆಲ್ಲಿಕಾಯಿ ಗಾತ್ರದ ಹೆಂಟೆ ಅಲ್ಲಲ್ಲಿ ಉಳಿದಿದ್ರೆ ಒಳ್ಳೇದೇ, ಬೀಜ ಬೀಳೋ ಸಾಲಲ್ಲಿ ಮಾತ್ರ ಕೈಯಲ್ಲಿ ಪುಡಿ ಮಾಡ್ಕೊಂಡ್ರೆ ಸಾಕು.

ನಿಮ್ಮ ಅಪ್ಪ ಹೇಳಿದ್ದು ಮಾತ್ರ ಬಹುಪಾಲು ಸರಿ. ಭರಣಿ ಅಂದ್ರೆ ಏಪ್ರಿಲ್ ಕೊನೆಯಿಂದ ಮೇ 10ರ ಆಸುಪಾಸು. ಆಗ ಬರೋದು ಗುಡುಗು ಮಳೆ, ಒಂದು ಸಂಜೆ ಜೋರಾಗಿ ಹೊಯ್ದು ಮತ್ತೆ ಎರಡು ಮೂರು ದಿನ ಬಿಸಿಲು, ಆ ಬಿಸಿಲಲ್ಲೇ ಹದ ಸಿಗೋದು. ಆದ್ರೆ ಮೊದಲ ಕೆಲಸ ಅದಕ್ಕಿಂತ ಮುಂಚೆನೇ ಇದೆ, ಗರಿಕೆ ಮತ್ತೆ ಜೇಕಿನ ಕಾರಣಕ್ಕೆ. ಅದನ್ನ ಮುಂದೆ ಹೇಳ್ತೀನಿ.

ಈಗ 8 ಗುಂಟೆ ಯಾಕೆ ಬೇಡ ಅಂತ. ಇದನ್ನ ಯಾರೂ ಕೇಳಲ್ಲ, ನನ್ನ ಅನುಭವದಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ನಿಮಗೆ 8 ಗುಂಟೆ ಅಂದ್ರೆ ಒಂದೂವರೆ ಗಂಟೆ ಕೆಲಸ, ಆದ್ರೆ ಆಮೇಲೆ ಅದನ್ನ ನೋಡ್ಕೊಳ್ಬೇಕಾದ್ದು ಒಬ್ಬ ಹೆಂಗಸು, ಒಂದು ಗುದ್ದಲಿ. ಉತ್ತ ಮಣ್ಣಿಗೆ ಮಳೆ ಬಿದ್ದು ಮೂರು ವಾರಕ್ಕೆ ಕಳೆ ಮೊಣಕಾಲಿಗೆ ಬರತ್ತೆ, ಮಳೆ ಬಿಡದೆ ಹೊಯ್ಯೋವಾಗ ಕೊಪ್ಪೆ ಹಾಕ್ಕೊಂಡು ಎಷ್ಟು ಜಾಗ ಕಳೆ ಕೀಳ್ಬೋದು ಹೇಳಿ? ಕೊಟ್ಟಿಗೆ ಗೊಬ್ಬರದ ಲೆಕ್ಕ ನೋಡಿ, ತರಕಾರಿಗೆ ಎಕರೆಗೆ 10 ಟನ್ ಅಂತ ಹಿಡಿದ್ರೆ ಗುಂಟೆಗೆ 250 ಕೆಜಿ, 8 ಗುಂಟೆಗೆ 2 ಟನ್, ಅವರ ಮನೇಲಿ ಎಷ್ಟು ದನ ಇದೆ? ನಾನು ನೋಡಿರೋ ಹಾಗೆ ಇಂಥ ಸಹಾಯದಲ್ಲಿ ಬಹಳ ಕಡೆ ಆಗೋದು ಇದೇ, ಟ್ರ್ಯಾಕ್ಟರ್‌ನವರು ಪ್ರೀತಿಯಿಂದ ಇಡೀ ಜಾಗ ಉತ್ತು ಕೊಡ್ತಾರೆ, ಜುಲೈ ಹೊತ್ತಿಗೆ ಅದು ಮುಂಚಿಗಿಂತ ದೊಡ್ಡ ಕಾಡಾಗಿರತ್ತೆ, ಆ ಮನೆಯೋರು ತಮ್ಮ ಕೈಲಾಗ್ಲಿಲ್ಲ ಅಂತ ಬೇಜಾರು ಮಾಡ್ಕೊಂಡು ಮುಂದಿನ ವರ್ಷ ಹಿತ್ಲಿನ ಕಡೆ ತಿರುಗಿಯೂ ನೋಡಲ್ಲ. ಅಕ್ಕಂಗೆ ಈ ವರ್ಷ 2 ಗುಂಟೆ ಸಾಕು. 33 ಅಡಿಗೆ 66 ಅಡಿ. ಇಬ್ರ ಮನೆಗೆ ಉಂಡು, ಅಕ್ಕಪಕ್ಕ ಕೊಡೋವಷ್ಟು ಬೆಂಡೆ, ಹೀರೆ, ಮಗೆಕಾಯಿ, ಹರಿವೆ ಅದರಲ್ಲೇ ಬರತ್ತೆ. ಉಳಿದ 6 ಗುಂಟೆಲಿ ಕಮ್ಯುನಿಸ್ಟ್ ಗಿಡ ಮಾತ್ರ ಹೂ ಬಿಡೋ ಮುಂಚೆ ಸವರಿ ಹಾಕಿ ಸಾಕು, ಅದೇ ಸೊಪ್ಪು ಓಳಿಗೆ (ತರಕಾರಿ ಹಾಕೋ ಎತ್ತರದ ಮಡಿಗೆ) ಮುಚ್ಚಿಗೆ ಆಗತ್ತೆ.

ಇನ್ನೊಂದು ಲೆಕ್ಕಾನೂ ಇದೆ. ಟ್ರ್ಯಾಕ್ಟರ್ ತಿರುಗ್ಸಕ್ಕೆ ಎರಡೂ ತುದೀಲಿ 15 ಅಡಿ ಬೇಕು. ಜಾಗ 66 ಅಡಿಗೆ 132 ಅಡಿ ಅಂದ್ಕೊಂಡ್ರೂ, ಉದ್ದದಲ್ಲಿ 30 ಅಡಿ ಬರೀ ಚಕ್ರ ತುಳಿಯೋ ಜಾಗ. ಸಣ್ಣ ಜಾಗದಲ್ಲಿ ಟ್ರ್ಯಾಕ್ಟರ್ ಮಾಡೋ ಹಾನಿ ಹೆಚ್ಚಾಗಿ ತಿರುಗೋ ಕಡೆನೇ ಆಗೋದು. ಉಳಿದ 6 ಗುಂಟೆ ಬೀಳು ಇರೋದ್ರಿಂದ ನೀವು ಅಲ್ಲಿ ತಿರುಗ್ಸಿ, ಬೆಳೆ ಬರೋ ಜಾಗದಲ್ಲಿ ನೇರ ಹೋಗಿ ನೇರ ಬನ್ನಿ.

ಹಂಗಾದ್ರೆ ದಾರಿ ಏನೇನಿದೆ. ರೋಟಾವೇಟರ್ ಎರಡು ಸುತ್ತು ಹೊಡೆಯೋದು ಒಂದು, ನೋಡಕ್ಕೆ ಚಂದ, ಆ ದಿನ ಎಲ್ರಿಗೂ ಖುಷಿ, ಆದ್ರೆ ಗರಿಕೆ ಇರೋ ಜಾಗದಲ್ಲಿ ಅದು ನೀವೇ ಗರಿಕೆ ನಾಟಿ ಮಾಡಿದಂಗೆ, ಗಂಟಿರೋ ಒಂದೊಂದು ತುಂಡೂ ಒಂದೊಂದು ಗಿಡ ಆಗತ್ತೆ, ಜೇಕಿನ ಗೆಡ್ಡೆನೂ ಸರದಿಂದ ಬಿಡಿಸಿ ಇಡೀ ಜಾಗಕ್ಕೆ ಚೆಲ್ಲಿದಂಗೆ. ಕೈಯಲ್ಲಿ ಹಿಡಿದು ಹಿಂದೆ ನಡೆಯೋ ಟಿಲ್ಲರ್ ಬಾಡಿಗೆಗೆ ತರೋದು ಇನ್ನೊಂದು, ತೂಕ ಕಮ್ಮಿ, ಸಣ್ಣ ಜಾಗದಲ್ಲಿ ತಿರುಗತ್ತೆ, ದಣಪೆ, ಅಂದ್ರೆ ಬೇಲಿಯ ಗಳದ ಬಾಗಿಲು, ತೆಗೆದ್ರೆ ಒಳಗೆ ಬರತ್ತೆ, ಆದ್ರೆ ಅದೂ ರೋಟರಿನೇ, ಗರಿಕೆ ವಿಷಯದಲ್ಲಿ ಅದೇ ತೊಂದ್ರೆ, ಮತ್ತೆ ಬೀಳು ಬಿದ್ದ ಗಟ್ಟಿ ನೆಲದಲ್ಲಿ ಎಗರಿ ಎಗರಿ ಹಿಡಿದೋರ ಕೈ ಸೋತುಹೋಗತ್ತೆ. ಟಿಲ್ಲರ್ ಬೇಕಾದ್ರೆ ಯಂತ್ರ ಬಾಡಿಗೆಗೆ ಕೊಡೋ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ವಿಚಾರಿಸ್ಬೋದು. ಯಂತ್ರನೇ ಬೇಡ ಅಂತ ಕಳೆ ಸವರಿ, ಮೇಲೆ ಸಗಣಿ ಗೊಬ್ಬರ, ಅದರ ಮೇಲೆ ದಪ್ಪ ದರಗು ಹಾಕಿ, ಗುಂಡಿ ತೋಡಿ ಬಳ್ಳಿ ಬೀಜ ಹಾಕೋದೂ ಇದೆ, ಹೀರೆ, ಹಾಗಲ, ಮಗೆಕಾಯಿಗೆ ಚೆನ್ನಾಗೇ ಆಗತ್ತೆ, ಆದ್ರೆ ಗರಿಕೆ ದರಗನ್ನೂ ತೂರಿ ಬರತ್ತೆ, ಹರಿವೆ ಥರದ ಸಣ್ಣ ಬೀಜಕ್ಕೆ ಆಗಿಬರಲ್ಲ. ನಿಮ್ಮ ಹತ್ರ ಕಲ್ಟಿವೇಟರ್ ಇರೋದ್ರಿಂದ ನಾನು ಹೇಳೋದು ಅದನ್ನೇ. ನೆಲ ಬಿಡಿಸಕ್ಕೆ ಮಾತ್ರ ಟ್ರ್ಯಾಕ್ಟರ್, ಓಳಿ ಮಾಡೋದೆಲ್ಲ ಗುದ್ದಲಿ.

ಹೇಗೆ ಅಂದ್ರೆ, ಅಶ್ವಿನಿ ಮಳೆ, ಅಂದ್ರೆ ಏಪ್ರಿಲ್ ಎರಡನೇ ಭಾಗದ ಮೊದಲ ಜೋರು ಮಳೆ ಬೀಳ್ಲಿ. ಈಗ ಒಣ ನೆಲಕ್ಕೆ ಹಾಕಿದ್ರೆ ಕಲ್ಟಿವೇಟರ್ ಹಲ್ಲು ಮೇಲೆ ಗೀರ್ಕೊಂಡು ಹೋಗತ್ತೆ ಅಷ್ಟೇ. ಮಳೆ ಬಿದ್ದು ಎರಡು ಮೂರು ದಿನಕ್ಕೆ ಹೋಗಿ ನಾಲ್ಕೈದು ಇಂಚು ಕೆಳಗಿನ ಮಣ್ಣು ಒಂದು ಹಿಡಿ ತೆಗೆದು ಉಂಡೆ ಕಟ್ಟಿ. ಉಂಡೆನೇ ಆಗ್ದೆ ಪುಡಿ ಉದುರಿದ್ರೆ ಇನ್ನೂ ಒಣಗಿದೆ. ಉಂಡೆ ಆಗಿ, ಹೆಬ್ಬೆಟ್ಟಲ್ಲಿ ಒತ್ತಿದ್ರೆ ಬಿಲ್ಲೆ ಥರ ಚಪ್ಪಟೆ ಆಗಿ ಬೆರಳಿಗೆ ಅಂಟಿದ್ರೆ ಅವತ್ತು ಟ್ರ್ಯಾಕ್ಟರ್ ಚಾವಿ ಮುಟ್ಟಬೇಡಿ. ಉಂಡೆ ಆಗಿ, ಒತ್ತಿದಾಗ ಅವಲಕ್ಕಿ ಉಂಡೆ ಒಡೆದಂಗೆ ನಾಲ್ಕಾರು ಚೂರಾಗಿ ಬಿಚ್ಕೊಂಡ್ರೆ ಅದೇ ಹದ, ಅವತ್ತೇ ಹೋಗಿ. ಮೇಲಿನ ಮಣ್ಣು ನೋಡಿ ತೀರ್ಮಾನ ಮಾಡ್ಬೇಡಿ, ಬಿಸಿಲಿಗೆ ಮೇಲೆ ಬೇಗ ಒಣಗಿರತ್ತೆ, ಒಳಗೆ ಹಸೀನೇ ಇರತ್ತೆ, ಎಲ್ರೂ ಮೋಸ ಹೋಗೋದು ಅಲ್ಲೇ.

ಅವತ್ತು ಕಲ್ಟಿವೇಟರ್ ಒಂದೇ ಸಲ, ಆರಿಂಚಿಗಿಂತ ಜಾಸ್ತಿ ಆಳ ಬೇಡ, ನಿಧಾನಕ್ಕೆ. ಕಲ್ಟಿವೇಟರ್ ಹಲ್ಲು ಗರಿಕೆ ಬಳ್ಳೀನ ತುಂಡು ಮಾಡಲ್ಲ, ಬಾಚಿ ಮೇಲೆ ಎಳೆಯತ್ತೆ. ಅದನ್ನ ಬಿಸಿಲಿಗೆ ಹತ್ತು ಹನ್ನೆರಡು ದಿನ ಹಾಗೇ ಬಿಟ್ಟು, ಆಮೇಲೆ ಹಲ್ಲುಬಾರೆಲಿ ಎಳೆದು ಬುಡ ಸಮೇತ ಆಚೆ ಹಾಕಿ, ದನಕ್ಕೂ ಆಗತ್ತೆ. ಮಧ್ಯ ಮಳೆ ಬಂದು ಚಿಗುರಿದ್ರೆ ಚಿಂತೆ ಬೇಡ, ಚಿಗುರಿದ್ದು ಕಣ್ಣಿಗೆ ಕಾಣತ್ತೆ, ಕೀಳೋದು ಸುಲಭ. ಭರಣಿ ಮಳೆ ಆದ್ಮೇಲೆ ಮತ್ತೆ ಉಂಡೆ ಕಟ್ಟಿ ನೋಡಿ, ಹದ ಇದ್ರೆ ಇನ್ನೊಂದೇ ಒಂದು ಸಲ ಅಡ್ಡಕ್ಕೆ ಎಳೀರಿ, ಈ ಸಲ ಮೇಲೆ ಗೊಬ್ಬರ ಚೆಲ್ಲಿ ಎಳೆದ್ರೆ ಬೆರ್ತುಹೋಗತ್ತೆ. ಅಲ್ಲಿಗೆ ನಿಮ್ಮ ಟ್ರ್ಯಾಕ್ಟರ್ ಕೆಲಸ ಮುಗೀತು. ಆಮೇಲೆ ಆ ಜಾಗದಲ್ಲಿ ಚಕ್ರ ಓಡಾಡ್ಬಾರ್ದು, ಗೊಬ್ಬರದ ಟ್ರೇಲರ್ ಕೂಡ ಬದೀಲೇ ನಿಲ್ಸಿ ಬುಟ್ಟೀಲಿ ಹೊರೋದು.

ಓಳಿನ ಇಳಿಜಾರಿಗೆ ಅಡ್ಡ ಮಾಡಿ, ಮೂರು ಅಡಿ ಅಗಲ, ಒಂದಡಿ ಎತ್ತರ, ಮಧ್ಯ ಒಂದೂವರೆ ಅಡಿ ಕಾಲುವೆ. ಮೂರು ಅಡಿ ಯಾಕಂದ್ರೆ ಅಕ್ಕ ಕಾಲುವೆಲಿ ಕೂತು ಎರಡೂ ಕಡೆಯಿಂದ ಕೈ ಚಾಚಿ ಕಳೆ ಕೀಳ್ಬೋದು, ಓಳಿ ಮೇಲೆ ಯಾರೂ ಕಾಲಿಡಬೇಕಾಗಿಲ್ಲ. ಕಾಲುವೆ ಪೂರ್ತಿ ಮಟ್ಟ ಬೇಡ, ಒಂದು ತುದಿಗೆ ಸಣ್ಣ ಓಟ ಕೊಡಿ, ಇಲ್ಲಾಂದ್ರೆ ಆರಿದ್ರಾ ಮಳೇಲಿ ತುಂಬಿ ಓಳಿನೇ ಒಡ್ಕೊಂಡು ಹೋಗತ್ತೆ. ಎಲ್ಲಕ್ಕಿಂತ ಮೇಲ್ಗಡೆ, ಮನೆ ಕಡೆಗೆ, ಒಂದು ಬಸಿಗಾಲುವೆ ತೆಗೆದು ಮಾಡಿನ ನೀರನ್ನ ಬದಿಗೆ ತಿರುಗ್ಸಿ. ಬೀಜ ಮೊಳಕೆ ಆದ್ಮೇಲೆ ಓಳಿ ಮೇಲೆ ಸೊಪ್ಪು, ದರಗು ಮುಚ್ಚಿ, ಶುಂಠಿಗೆ ಮುಚ್ಚಲ್ವಾ ಹಂಗೆ.

ಶುಂಠಿ ಅಂದಾಗ ನೆನಪಾಯ್ತು, ಇದು ಮುಖ್ಯ. ಆ ಶುಂಠಿಗೆ ಕೊಳೆ ಬಂದಿತ್ತಾ ಅಂತ ಅಕ್ಕನ ಹತ್ರ ಕೇಳಿ. ಬಂದಿದ್ರೆ ಅಲ್ಲಿ ಸದ್ಯಕ್ಕೆ ಶುಂಠಿ, ಅರಿಶಿನ ಎರಡೂ ಬೇಡ, ರೋಗ ಮಣ್ಣಲ್ಲಿ ಉಳಿದಿರತ್ತೆ. ಇನ್ನೊಂದು ಬೇರುಗಂಟು ಹುಳು, ಕಣ್ಣಿಗೆ ಕಾಣಲ್ಲ, ಶುಂಠಿಗೂ ಬರತ್ತೆ ಬೆಂಡೆ, ಬದನೆ, ಟೊಮೇಟೊಗೂ ಬರತ್ತೆ. ಅಲ್ಲಿರೋ ಅಗಲ ಎಲೆಯ ಕಳೆ ಗಿಡ ನಾಲ್ಕು ಕಿತ್ತು ಬೇರು ತೊಳೆದು ನೋಡಿ, ಬೇರಲ್ಲಿ ಮಣಿ ಪೋಣಿಸಿದಂಗೆ ಗಂಟು ಗಂಟು ಇದ್ರೆ ಈ ವರ್ಷ ಬೆಂಡೆ, ಬದನೆ ಬಿಟ್ಟು ಚೆಂಡು ಹೂ ಹಾಕ್ಸಿ, ಹುಳು ಕಮ್ಮಿ ಆಗತ್ತೆ, ದೀಪಾವಳಿಗೆ ಹೂವೂ ಆಗತ್ತೆ. ಮತ್ತೆ ನೀವು ಈ ಸೀಸನ್ನಲ್ಲಿ ಬೇರೆ ಶುಂಠಿ ಜಾಗಕ್ಕೆ ಹೋಗಿ ಬಂದಿದ್ರೆ ಚಕ್ರ, ಕಲ್ಟಿವೇಟರ್ ಹಲ್ಲು ತೊಳ್ಕೊಂಡೇ ಅಕ್ಕನ ಹಿತ್ಲಿಗೆ ಇಳೀರಿ. ಊರಿಂದೂರಿಗೆ ರೋಗ ಹೋಗೋ ದಾರಿಗಳಲ್ಲಿ ಚಕ್ರಕ್ಕೆ ಮೆತ್ತಿದ ಮಣ್ಣೂ ಒಂದು, ಯಾರೂ ಅದನ್ನ ಲೆಕ್ಕಕ್ಕೆ ಇಡಲ್ಲ.

ಸುಣ್ಣದ ಬಗ್ಗೆ ನೀವು ಕೇಳ್ಲಿಲ್ಲ, ಆದ್ರೆ ಯಾರಾದ್ರೂ ಒಂದು ಮೂಟೆ ಚೆಲ್ಲು ಅಂತ ಹೇಳೇ ಹೇಳ್ತಾರೆ. ನಮ್ಮ ಮಣ್ಣು ಹುಳಿ ಹೌದು, ಆದ್ರೆ ಶುಂಠಿ ಹಾಕಿದೋರು ಮುಂಚೆನೇ ಸುಣ್ಣ ಹಾಕಿರ್ಬೋದು. ಈಗ್ಲೇ ಐದಾರು ಕಡೆ ಆರಿಂಚು ಆಳದ ತನಕ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕೆಜಿ ಕಟ್ಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಕೊಡಿ, ಇಲ್ಲಾ ನವುಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ, ಇಲ್ಲಾ ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ. ಎಷ್ಟು ಹಾಕ್ಬೇಕು ಅಂತ ರಿಪೋರ್ಟ್ ನೋಡಿ ಹಾಕಿ, ಬಿತ್ತನೆಗೆ ಎರಡು ಮೂರು ವಾರ ಮುಂಚೆ, ಸಗಣಿ ಗೊಬ್ಬರದ ಜೊತೆ ಒಂದೇ ದಿನ ಬೇಡ, ಗೊಬ್ಬರದ ಸಾರಜನಕ ಗಾಳಿಗೆ ಹೋಗತ್ತೆ.

ಈಗ ದರೆ ವಿಷಯ. ಇದನ್ನ ದಯವಿಟ್ಟು ಎರಡು ಸಲ ಓದಿ. ಆಳೆತ್ತರದ ದರೆ ಅಂದ್ರಿ, ಅಂದ್ರೆ ಐದೂವರೆ ಆರು ಅಡಿ. ದರೆ ಎಷ್ಟು ಎತ್ತರ ಇದೆಯೋ ಕನಿಷ್ಠ ಅಷ್ಟು ದೂರ ಚಕ್ರ ಇರ್ಬೇಕು, ನಾನು ಅದಕ್ಕಿಂತ ಇನ್ನೂ ನಾಲ್ಕಡಿ ಬಿಡಿ ಅಂತೀನಿ. ಮಳೆ ನೀರು ಕುಡಿದ ಮೇಲೆ ನಮ್ಮ ದರೆ ಹೇಗೆ ಜರಿಯತ್ತೆ ಅಂತ ನಿಮಗೆ ಹೇಳ್ಬೇಕಾಗಿಲ್ಲ. ಎರಡು ಕೋಲು ನೆಟ್ಟು ಬಣ್ಣದ ಬಟ್ಟೆ ಕಟ್ಟಿ ಆ ಗೆರೆ ದಾಟ್ಬೇಡಿ, ಆ ಅಂಚಲ್ಲಿ ಅಕ್ಕ ಲಾವಂಚಾನೋ ಲಿಂಬೆಹುಲ್ಲೋ ಹಾಕ್ಲಿ, ಮಣ್ಣು ಹಿಡ್ಕೊಳತ್ತೆ. ಇಳಿಜಾರು ಎಷ್ಟಿದೆ ಅಂತ ಅಳೀಬೇಕು ಅಂದ್ರೆ 10 ಅಡಿ ಗಳ ಒಂದು ತುದಿ ನೆಲಕ್ಕೆ ಇಟ್ಟು ಮಟ್ಟ ಹಿಡೀರಿ, ಇನ್ನೊಂದು ತುದಿ ನೆಲದಿಂದ ಒಂದೂವರೆ ಅಡಿಗಿಂತ ಮೇಲೆ ಇದ್ರೆ ಅಲ್ಲಿ ಟ್ರ್ಯಾಕ್ಟರ್ ಬೇಡ, ಇದು ನಾನು ಪಾಲಿಸೋ ಲೆಕ್ಕ. ಎಡ ಬಲ ಬ್ರೇಕ್ ಪೆಡಲ್ ಬೇರೆ ಬೇರೆ ಇರತ್ತಲ್ಲ, ರಸ್ತೆಲಿ ಹೋಗೋವಾಗ ಎರಡನ್ನೂ ಸೇರಿಸೋ ಕೊಂಡಿ ಹಾಕಿ, ಮರೆತು ಒಂದೇ ಬದಿ ಬ್ರೇಕ್ ಬಿದ್ದು ಮಗುಚಿದ ಟ್ರ್ಯಾಕ್ಟರ್ ನಾನೇ ನೋಡಿದೀನಿ. ಬುಡ ಕಿತ್ತಾಕಣ ಅಂತ ಹಳೆ ಮರದ ಕುತ್ರಿಗೆ ಸರಪಳಿ ಕಟ್ಟಿ ಎಳೀಬೇಡಿ, ಸರಪಳಿ ಮೇಲ್ಗಡೆ ಸಿಕ್ಕಿಸಿದ್ರೆ ಮುಂದಿನ ಚಕ್ರ ಎದ್ದು ಹಿಂದಕ್ಕೇ ಮಗುಚತ್ತೆ, ಹಾರಿಕೊಳ್ಳಕ್ಕೆ ಸಮಯ ಸಿಗಲ್ಲ.

ಮಕ್ಕಳು ಬಂದೇ ಬರ್ತಾರೆ, ಮಡ್‌ಗಾರ್ಡ್ ಮೇಲೆ ಕೂರಿಸ್ಬೇಡಿ, ಎಷ್ಟೇ ಹಠ ಮಾಡ್ಲಿ. ಅಕ್ಕ ಚಾ ತಗೊಂಡು ಹತ್ರ ಬಂದ್ರೆ ಮೊದ್ಲು ಇಂಜಿನ್ ಆಫ್ ಮಾಡಿ ಆಮೇಲೆ ಮಾತಾಡಿ. ಮುಂದೆ ಯಾವತ್ತಾದ್ರೂ ರೋಟಾವೇಟರ್ ಹಾಕಿದ್ರೆ ನೆನಪಿರ್ಲಿ, ಇಂಜಿನ್ ಶಕ್ತಿನ ರೋಟಾವೇಟರ್‌ಗೆ ಕೊಡೋ ಪಿಟಿಒ ಶಾಫ್ಟ್ ನಿಮಿಷಕ್ಕೆ 540 ಸುತ್ತು, ಸೆಕೆಂಡಿಗೆ 9 ಸುತ್ತು, ಸೀರೆ ಸೆರಗೋ ಹೆಗಲ ಮೇಲಿನ ಟವೆಲ್ಲೋ ತಾಗಿದ್ರೆ ಒಂದು ಸೆಕೆಂಡಲ್ಲಿ ಹತ್ತಿರ ಹತ್ತಿರ ಎರಡು ಮೀಟರ್ ಬಟ್ಟೆ ಸುತ್ಕೊಳತ್ತೆ. ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವರ್ ಒಡೆದಿದ್ರೆ ಹೊಸದು ಹಾಕ್ಸಿ.

ಇಳಿಯೋ ಮುಂಚೆ ಅಕ್ಕನ ಅತ್ತೇನ ಕರ್ಕೊಂಡು ಜಾಗ ಒಂದು ಸುತ್ತು ನಡೀರಿ. ಪೈಪ್ ಎಲ್ಲಿ ಹೋಗಿದೆ, ಪಂಪ್‌ಸೆಟ್ ಕೇಬಲ್ ಎಲ್ಲಿದೆ, ಮುಚ್ಚಿದ ಹಳೆ ಬಾವಿ ಇತ್ತಾ, ಕಕ್ಕಸು ಗುಂಡಿ ಎಲ್ಲಿ, ಇದೆಲ್ಲ ಆ ವಯಸ್ಸಿನವರ ತಲೇಲಿ ಮಾತ್ರ ಇರತ್ತೆ. ಅಡಿಕೆ ಸಸಿ ಸಾಲಿಂದ ಐದಾರು ಅಡಿ ಬಿಟ್ಟೇ ಎಳೀರಿ, ಅಡಿಕೆ ಬೇರು ಮೇಲ್ಗಡೆನೇ ಹರಡೋದು. ಜಾಗದ ಆಚೆ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರೋ ಹಕ್ಕಿರೋ ಕಾಡು) ಇದ್ರೆ ಗಡಿ ಎಲ್ಲಿ ಅಂತ ಕೇಳ್ಕೊಳ್ಳಿ, ಅಕ್ಕನಿಗೆ ಆಮೇಲೆ ಅರಣ್ಯ ಇಲಾಖೆ ಜೊತೆ ತಕರಾರು ಬೇಡ.

ಕಳೆ ಸವರೋ ದಿನದ್ದು ಇನ್ನೊಂದು ಮಾತು. ಈಗ ಮಂಗನ ಕಾಯಿಲೆ ಕಾಲ ಮುಗಿದಿಲ್ಲ, ಬೇಸಿಗೆ ಮುಗಿಯೋ ತನಕ ಅದನ್ನ ಹರಡೋ ಉಣುಗು ಇದ್ದೇ ಇರತ್ತೆ. 1957ರಲ್ಲಿ ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಗುರುತಾದ ಕಾಯಿಲೆ ಇದು, ಇವತ್ತಿಗೂ ಜೀವ ತೆಗೀತಿದೆ. ಹಿತ್ಲು ಕಾಡಿಗೆ ತಾಗಿದ್ರೆ ಕೈಕಾಲಿಗೆ ಉಣುಗು ಕಚ್ಚದಂಗೆ ತಡೆಯೋ ಡೇಪಾ ಎಣ್ಣೆ ಹಚ್ಕೊಂಡೇ ಇಳೀರಿ, ಆಸ್ಪತ್ರೆಲಿ, ಆಶಾ ಕಾರ್ಯಕರ್ತೆಯರ ಹತ್ರ ಸಿಗತ್ತೆ, ವಾಪಸ್ ಬಂದ್ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ ಬಟ್ಟೆನೂ ಬಿಸಿನೀರಿಗೆ ಹಾಕಿ. ಸುತ್ತಮುತ್ತ ಮಂಗ ಸತ್ತಿದ್ದು ಕಂಡ್ರೆ ಅವತ್ತು ಕೆಲಸ ನಿಲ್ಸಿ, ಆಸ್ಪತ್ರೆಗೆ ತಿಳಿಸಿ.

ದುಡ್ಡಿನ ವಿಷಯ. ನಿಮ್ಮ ಮನಸ್ಸು ದೊಡ್ಡದು, ಆದ್ರೆ ತಗೊಳ್ಳಿ ಅಂತಾನೇ ನಾನು ಹೇಳೋದು. 2 ಗುಂಟೆಗೆ ಎರಡು ಸಲ ಎಳೆಯಕ್ಕೆ ಹೋಗಿ ಬರೋದೂ ಸೇರಿ ಮೂರು ನಾಲ್ಕು ಲೀಟರ್ ಡೀಸೆಲ್ ಆಗ್ಬೋದು, ಅಷ್ಟನ್ನ ಅಕ್ಕ ಹಾಕ್ಸಲಿ. ಸುಮ್ನೆ ಮಾಡ್ಕೊಟ್ರೆ ಮುಂದಿನ ಸಲ ಬೇಕಾದಾಗ ಅವರಿಗೆ ಬಾಯಿಬಿಟ್ಟು ಕೇಳಕ್ಕೆ ಸಂಕೋಚ ಆಗತ್ತೆ, ಹದ ಬಂದ ದಿನವೇ ಕರೀಬೇಕಾದ್ರೆ ಆ ಸಂಕೋಚ ಇರ್ಬಾರ್ದು. ನಮ್ಮಲ್ಲಿ ಕೂಲಿ ಬದಲು ಒಬ್ಬರಿಗೊಬ್ಬರು ಕೆಲಸ ಮಾಡ್ಕೊಡೋ ಮುಯ್ಯಾಳು ಪದ್ಧತಿ ಇದ್ದಿದ್ದೂ ಅದಕ್ಕೇ ತಾನೇ, ನಿಮ್ಮ ಮನೆ ಅಡಿಕೆ ಸುಲಿಯೋ ಕಾಲಕ್ಕೆ ಅವರು ಒಂದು ದಿನ ಬರ್ತೀನಿ ಅಂದ್ರೆ ಬೇಡ ಅನ್ಬೇಡಿ. ಗಂಟೆ ಲೆಕ್ಕದ ಬಾಡಿಗೆ ಮಾತ್ರ ಬೇಡ, ಸ್ವಂತ ಕೃಷಿಗೆ ಅಂತ ಮಾಡ್ಸಿದ ಇನ್ಶೂರೆನ್ಸ್ ಇದ್ರೆ ಬಾಡಿಗೆಗೆ ಓಡಿಸಿದಾಗ ಏನಾದ್ರೂ ಆದ್ರೆ ಕ್ಲೇಮ್ ಹೊತ್ತಿಗೆ ತಕರಾರು ಬರ್ಬೋದು, ಪಾಲಿಸಿ ಕಾಗದದಲ್ಲಿ ಏನಿದೆ ಅಂತ ಒಂದ್ಸಲ ನೋಡ್ಕೊಳ್ಳಿ. ದಣಪೆ ಬಿಚ್ಚಿದ್ರೆ ಅವತ್ತು ಸಂಜೆನೇ ನೀವೇ ಕಟ್ಟಿ ಬನ್ನಿ, ಒಂದು ರಾತ್ರಿ ತೆರೆದಿದ್ರೆ ದನ, ಹಂದಿ ಎಲ್ಲ ನುಗ್ಗತ್ತೆ.

ಕೊನೇದಾಗಿ ಹೋದ ವರ್ಷದ ಆ ಮನೆ. ಅಲ್ಲಿ 10 ಎಂಎಂ ಕಬ್ಬಿಣದ ಸರಳು ತಗೊಂಡು ಮಳೆ ಬಿದ್ದ ಮಾರನೇ ದಿನ ನೆಲಕ್ಕೆ ಕೈಯಲ್ಲಿ ಒತ್ತಿ ನೋಡಿ, ಐದಿಂಚಿಗೆ ಟಕ್ ಅಂತ ನಿಂತ್ರೆ ಗಟ್ಟಿ ಪದರ ಅಲ್ಲೇ ಇದೆ. ಮತ್ತೆ ಉತ್ತು ಸರಿ ಮಾಡ್ತೀನಿ ಅಂತ ರೋಟಾವೇಟರ್ ಹಾಕ್ಬೇಡಿ. ಈ ಬೇಸಿಗೆ ಮಳೆಗೆ ಹಸಿರೆಲೆ ಗೊಬ್ಬರಕ್ಕೆ ಬೆಳೆಯೋ ಸೆಣಬಿನ ಬೀಜ ಚೆಲ್ಲಿಸಿ, ಹೂ ಬರೋ ಹೊತ್ತಿಗೆ ಕೊಯ್ದು ಅಲ್ಲೇ ಹಾಸಿ ಬಿಡಿ, ಅದರ ಬೇರು ಆಳಕ್ಕೆ ಇಳಿದು ಕೊಳೆತ ಜಾಗದಲ್ಲಿ ನೀರಿಗೆ ದಾರಿ ಆಗತ್ತೆ. ಓಳಿ ಬರೋ ಕಡೆ ಮಾತ್ರ ಒಂದಡಿ ಆಳಕ್ಕೆ ಪಿಕಾಸಿಲಿ ಪದರ ಒಡೆಸಿ, ಅಡಿ ಮಣ್ಣು ಮೇಲೆ ತರೋದು ಬೇಡ, ಒಡೆದು ಹಾಗೇ ಬಿಡೋದು. ಆ ಮನೆಯೋರು ಬೀನ್ಸ್ ಬೀಜ ಸರಿ ಇರ್ಲಿಲ್ಲ, ತಮ್ಮ ಕೈಗುಣ ಸರಿ ಇಲ್ಲ ಅಂತ ಅಂದ್ಕೊಂಡಿರ್ಬೋದು. ಸೆಣಬಿನ ಬೀಜ ನೀವೇ ಒಯ್ದು ಕೊಟ್ಟು, ಆಗಿದ್ದು ಎಂತದು ಅಂತ ಕೂತು ಹೇಳಿ ಬನ್ನಿ.